ನಂಜುಂಡಯ್ಯ ತಂದು ಬಿಟ್ಟ ಹುಳಗಳು

ಗ್ರಾಮಸೇವಕ ನಂಜುಂಡಯ್ಯ ಹುಳಗಳಿಗೆ ಬಹುವಚನ ಕೊಡುತ್ತಿದ್ದ. ಗಂಡಸಿ ಊರಿನ ಕಡೆಯವನು, ಹಳೇ ಸೈಕಲ್ಲು, ಬಾಯಿ ತುಂಬ ಎಲೆಯಡಿಕೆ. ಅಮಲ್ದಾರರನ್ನೇ ಬೆನ್ನ ಹಿಂದೆ ಅವನು ಇವನು ಅನ್ನುವವನು, ನನ್ನ ನಿಂಬೆಗಿಡದ ಮುಂದೆ ಮಾತ್ರ ದನಿ ತಗ್ಗಿಸಿ, "ಅಕ್ಕಾವ್ರೇ, ಅವ್ರು ಊಟಕ್ಕೆ ಕೂತವ್ರೆ, ನೆರಳು ಬೀಳಿಸ್ಬೇಡಿ" ಅನ್ನುತ್ತಿದ್ದ.

ಹಳೇಬೀಡಿನ ನಮ್ಮ ಹಿತ್ತಲಲ್ಲಿ ಆಗ ಆರು ನಿಂಬೆಗಿಡ. ಯಜಮಾನರು ಸ್ಕೂಲಿಗೆ ಹೋದ ಮೇಲೆ ಬಾವಿಯಿಂದ ಸೇದಿ ಸೇದಿ ನಾನೇ ಬೆಳೆಸಿದವು. ಮಕ್ಕಳಿಲ್ಲದ ಮನೆ, ಇನ್ಯಾರಿಗೆ ಸೇದಲಿ? ಅವಕ್ಕೆ ಹಿಟ್ಟು ತಿಗಣೆ ಬಿತ್ತು. ಕೊಂಬೆ ಸಂದಿಯಲ್ಲೆಲ್ಲ ಬೂಷ್ಟು ಹಿಡಿದ ಹಾಗೆ ಬೆಳ್ಳಗೆ ಕೂತು ರಸ ಹೀರುವ ಹಾಳು ಜೀವ. ಡಿ.ಡಿ.ಟಿ. ತರಿಸಿದೆ. ನಂಜುಂಡಯ್ಯ ಡಬ್ಬ ಕಿತ್ತಿಟ್ಟುಕೊಂಡ. "ಇದ್ ಹೊಡುದ್ರೆ ಕಳ್ಳನ ಜೊತೆ ಪೊಲೀಸ್ನೋರೂ ಸಾಯ್ತಾರೆ" ಅಂದ. ಬೆಂಗಳೂರಿಂದ ತರಿಸಿ, ಕಪ್ಪು ಬೆನ್ನು, ಕೆಂಚು ತಲೆಯ ಪುಟ್ಟ ಹುಳಗಳನ್ನು ಗಿಡಕ್ಕೆ ಬಿಟ್ಟ. ತಿಗಣೆಯನ್ನು ತಿಂದೇ ಬದುಕುವ ಜಾತಿ.

ಕೆಲವು ದಿನ ಕಳೆದು ನೋಡಿದರೆ ಇನ್ನೂ ದಪ್ಪ ಬಿಳಿ ಹುಳ. ತಿಗಣೆಯೇ ಕೊಬ್ಬಿದೆ ಅಂತ ಪೊರಕೆ ಕಡ್ಡಿಯಲ್ಲಿ ಹೊಸಕಿ ಹಾಕುತ್ತಿದ್ದೆ. ಅಷ್ಟರಲ್ಲಿ ಬಂದ ನಂಜುಂಡಯ್ಯ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ. "ಅವ್ರ ಮಕ್ಳು ಕಣ್ರೀ ಇವು. ತಿಗಣೆ ವೇಷ ಹಾಕ್ಕೊಂಡು ತಿಗಣೆ ತಿಂತವೆ." ಆಮೇಲೆ ನಾನು ಪೊರಕೆ ಮುಟ್ಟಲಿಲ್ಲ. ಗಿಡ ಚಿಗುರಿತು. ಇವನು ನನ್ನ ತಮ್ಮ ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ.

ಮರುವರ್ಷ ತಂಗಿಯ ಬಾಣಂತನಕ್ಕೆಂದು ಅರಸೀಕೆರೆಗೆ ಹೋಗಿ ಬರುವಷ್ಟರಲ್ಲಿ ಗಿಡದಲ್ಲಿ ಒಂದು ಹುಳವೂ ಇರಲಿಲ್ಲ. ಪಕ್ಕದ ಮನೆ ಪುಟ್ಟಮ್ಮ ಹೇಳಿದಳು: "ನಿಮ್ ತಮ್ಮನೇ ಬಂದಿದ್ನಲ್ಲ. ಪಂಚೆ ಹಾಸಿ, ಕೊಂಬೆ ಒದರಿ, ಡಬ್ಬಿಗೆ ತುಂಬ್ಕೊಂಡು ಹೋದ. ಅಕ್ಕಾವ್ರಿಗೆ ಗೊತ್ತೈತೆ ಅಂದ."

ಬೇಲೂರಿನಾಚೆ ಒಬ್ಬ ಎಸ್ಟೇಟು ಸಾಹುಕಾರರ ಕಿತ್ತಳೆಗೆ ತಿಗಣೆ ಬಿದ್ದಿತ್ತಂತೆ. ಹುಳ ಅಲ್ಲಿಗೆ ಹೋದವು. ಸಾಹುಕಾರರ ಶಿಫಾರಸಿನಿಂದ ನಂಜುಂಡಯ್ಯನಿಗೆ ಬಡ್ತಿಯೂ ಸಿಕ್ಕಿತು. ನನ್ನ ಹಿತ್ತಲಿಗೆ ತಿಗಣೆ ಮತ್ತೆ ಬಂತು, ಗಿಡಗಳು ಒಂದೊಂದಾಗಿ ಒಣಗಿದವು. ಹೊಟ್ಟೆ ಉರಿದುಹೋಯಿತು. ಗಿಡ ಹೋದದ್ದಕ್ಕಿಂತ, ನನಗೆ ಗೊತ್ತಿದೆ ಅಂತ ಹೇಳಿ ಹೋದನಲ್ಲ, ಅದಕ್ಕೆ.

ಕೊನೆಯ ಸಲ ಕಂಡದ್ದು ಬೇಲೂರು ಬಸ್ ಸ್ಟ್ಯಾಂಡಿನಲ್ಲಿ. ತಪ್ಪಿಸಿಕೊಂಡು ಹೋಗಲು ನೋಡಿದ, ನಾನು ಬಿಡಲಿಲ್ಲ.

"ಕೇಳಿದ್ರೆ ಕೊಡ್ತಿರ್ಲಿಲ್ವೇನೋ ನಂಜುಂಡ?" ಅಂದೆ.

ಅವನು ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡ.

"ಅರ್ಧ ಕೊಡ್ತಿದ್ರಿ ಅಕ್ಕಾವ್ರೇ," ಅಂದ. "ನಂಗೆ ಪೂರ್ತಿ ಬೇಕಿತ್ತು."