ಸೋಫಾದ ತುದಿಯಲ್ಲಿ ಕೂತವರು

ಮೊನ್ನೆ ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿರುವ ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಯಾರೋ ಊಟದ ಡಬ್ಬಿಯ ಮುಚ್ಚಳ ತೆಗೆದರು. ಮನೆಯಲ್ಲೇ ಹುರಿದು ಮಾಡಿದ ಸಾರಿನ ಪುಡಿಯ ಘಮ ಹರಡಿತು. ಪುಚೊಂಗ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ ನೆನಪಾದರು… ಜೊತೆಗೆ ಹಳೆಯ ಸಿಟ್ಟೂ.

ಆಗ ನಾವಿಬ್ಬರು ಕರ್ನಾಟಕದಿಂದ ಓದಲು ಬಂದ ಹುಡುಗಿಯರು. ನನ್ನದು ಕಂಪ್ಯೂಟರ್, ರೂಮ್‌ಮೇಟ್‌ದು ಸಮಾಜಶಾಸ್ತ್ರ. ಒಂಟಿಯಾಗಿದ್ದ ಆಂಟಿಯ ಅಡುಗೆಮನೆಗೆ ಹೇಳದೆ ಕೇಳದೆ ನುಗ್ಗಿ, ಪಾತ್ರೆಯ ಮುಚ್ಚಳ ಎತ್ತಿ ನೋಡಿ, ಬೇಕಾದ್ದು ಬಡಿಸಿಕೊಳ್ಳುತ್ತಿದ್ದೆವು. "ಮೊದ್ಲು ಕೈ ತೊಳ್ಕೊಳ್ರೇ, ಕೋತಿಗಳಾ!" ಎಂದು ಬೈಯುವಾಗ ಅವರ ಮುಖ ಅರಳಿರುತ್ತಿತ್ತು.

ಅದಕ್ಕೆ ಕಾರಣವಿತ್ತು. ಅವರ ಮಗಳು ಮಲಯ್ ಮುಸ್ಲಿಂ ಹುಡುಗನನ್ನು ಮದುವೆಯಾಗಿ ಮೆಲಾಕಾದಲ್ಲಿದ್ದಳು. ಅಂದಿನಿಂದ ನಮ್ಮ ಕನ್ನಡದವರು ಆ ಮನೆಯಲ್ಲಿ ಹನಿ ನೀರು ಮುಟ್ಟುತ್ತಿರಲಿಲ್ಲ. ಜಗಳವಿಲ್ಲ, ಮಾತು ಬಿಟ್ಟದ್ದೂ ಇಲ್ಲ. ಬಂದು ಸೋಫಾದ ತುದಿಯಲ್ಲಿ ಕೂತು, "ಈಗಷ್ಟೇ ತಿಂದ್ಕೊಂಡು ಬಂದ್ವಿ, ಏನೂ ಬೇಡ" ಎಂದು ನಯವಾಗಿ ನಕ್ಕು ಎದ್ದು ಹೋಗುವುದು. ಸಮುದ್ರ ದಾಟಿ ಬಂದರೂ ಈ ವಿದ್ಯೆಯನ್ನು ಮಾತ್ರ ಜೋಪಾನವಾಗಿ ಗಂಟು ಕಟ್ಟಿಕೊಂಡು ತಂದಿದ್ದರು!

ಆ ಸೆಮಿಸ್ಟರ್‌ನಲ್ಲಿ ರೂಮ್‌ಮೇಟ್‌ಗೆ ಅವಳ ಲೆಕ್ಚರರ್ ಒಂದು ಪ್ರಯೋಗ ಕೊಟ್ಟರು. ದಿನನಿತ್ಯದ ನಡವಳಿಕೆಯಲ್ಲಿ ಕಣ್ಣಿಗೆ ಕಾಣದ ನಿಯಮಗಳಿರುತ್ತವಂತೆ. ಮುರಿದಾಗಲೇ ಅವು ಕಾಣುವುದಂತೆ. ಹಾಗಾಗಿ ತೀರಾ ಸಲಿಗೆಯ ಮನೆಗೆ ಹೋಗಿ ಹೊರಗಿನವರಂತೆ ನಡೆದುಕೊಂಡು, ಮನೆಯವರು ಏನು ಮಾಡುತ್ತಾರೆಂದು ಗಮನಿಸಬೇಕು. ಮೊದಲೇ ಯಾರಿಗೂ ಹೇಳಕೂಡದು. ಅವಳು ನನಗೂ ಹೇಳಿರಲಿಲ್ಲ.

ಒಂದು ಸಂಜೆ ಇಬ್ಬರೂ ಆಂಟಿಯ ಮನೆಗೆ ಹೋದಾಗ ಅವಳು ಸೋಫಾದ ತುದಿಯಲ್ಲೇ ಕೂತುಬಿಟ್ಟಳು.

"ಯಾಕೇ ಅಲ್ ಕೂತೆ? ಬಾ, ಸಾರು ಬಿಸಿಯಾಗಿದೆ" ಎಂದರು ಆಂಟಿ.

"ಪರ್ವಾಗಿಲ್ಲ ಆಂಟಿ, ಊಟ ಮಾಡ್ಕೊಂಡೇ ಬಂದೆ. ನೀರೂ ಬೇಡ, ಥ್ಯಾಂಕ್ಸ್."

ಆಂಟಿ ಸೌಟು ಹಿಡಿದುಕೊಂಡೇ ಹಾಲ್‌ಗೆ ಬಂದರು. ಆಮೇಲೆ ಮೆಲ್ಲಗೆ, "ಯಾರಾದ್ರೂ ಏನಾದ್ರೂ ಹೇಳಿದ್ರಾ ಪುಟ್ಟಿ?" ಎಂದು ಕೇಳಿದರು. ಅವಳು ಅವರ ಮುಖವನ್ನೇ ಗಮನಿಸುತ್ತಿದ್ದಳು. ಮಗಳ ಮದುವೆಯ ವಿಷಯ, ಜನರ ವರ್ತನೆ ಎಲ್ಲ ಗೊತ್ತಿದ್ದವಳೇ. ಆದರೂ ತಾನು ಏನು ಮಾಡುತ್ತಿದ್ದೇನೆಂದು ಹೊಳೆಯಲಿಲ್ಲವೆಂದರೆ ಓದಿದ್ದು ಯಾವ ಪುರುಷಾರ್ಥಕ್ಕೆ?

ಮರುದಿನ ಅವಳು ನಗುತ್ತಾ, "ಆಂಟಿ, ಅದು ಪ್ರಾಜೆಕ್ಟ್ ಅಷ್ಟೇ!" ಎಂದಳು. "ಹೌದಾ, ಸರಿಯಮ್ಮ" ಎಂದರು ಅವರು. ಆದರೆ ಅಂದಿನಿಂದ ನಮ್ಮ ತಟ್ಟೆಗಳು ಹಾಲ್‌ಗೇ ಬರತೊಡಗಿದವು. ಬಡಿಸುವ ಮೊದಲು "ತಿಂತೀರಾ?" ಎಂದು ಕೇಳುತ್ತಿದ್ದರು. ಬೈಗುಳ ಪೂರ್ತಿ ನಿಂತಿತು. ಸ್ವಲ್ಪ ದಿನಕ್ಕೆ ಮನೆ ಖಾಲಿ ಮಾಡಿ ಮಗಳ ಬಳಿ ಹೋದರು…

ಲೆಕ್ಚರರ್ ಅವಳ ಪ್ರಯೋಗವನ್ನು ಇಡೀ ಕ್ಲಾಸಿನೆದುರು ಹೊಗಳಿದರಂತೆ. ಮೈ ಉರಿಯಿತು ನನಗೆ. ಈಗಲೂ ಉರಿಯುತ್ತದೆ. ಜನರ ಮುಖ ಗಮನಿಸಿ ಎಂದು ಕಳಿಸುವವರು, ಆ ಜನ ಏನು ಅನುಭವಿಸಿದವರು ಎಂದು ಒಂದು ಮಾತು ಕೇಳಬೇಡವೇ?

ಮೊನ್ನೆಯೇ ಆಂಟಿಯ ಮಗಳ ನಂಬರ್ ಹುಡುಕಿ ಫೋನ್ ಮಾಡಿದೆ. ಆಂಟಿ ಹೋದ ವರ್ಷ ತೀರಿಕೊಂಡರಂತೆ. ಆ ಪ್ರಾಜೆಕ್ಟ್ ಬಗ್ಗೆ ಅಮ್ಮ ಏನಾದರೂ ಹೇಳಿದ್ದರಾ ಎಂದು ಕೇಳಿದೆ.

"ಅಮ್ಮ ಅದನ್ನ ನಂಬ್ಲೇ ಇಲ್ಲ ಲಾ," ಎಂದಳು ಇಲ್ಲಿನವರ ಧಾಟಿಯಲ್ಲಿ. "ಅದು ನೈಸಾಗಿ ಹೇಳಿದ ಎಕ್ಸ್‌ಕ್ಯೂಸ್ ಅಂದ್ಕೊಂಡಿದ್ರು. ಆ ಹುಡುಗೀರೂ ಎಲ್ಲರ ಥರಾನೇ ಅಂತಿದ್ರು."

ಇಲ್ಲ, ಅದು ನಿಜವಾಗಿಯೂ ಪ್ರಾಜೆಕ್ಟೇ ಆಗಿತ್ತು ಎನ್ನಲು ಬಾಯಿ ತೆರೆದೆ. ಹೇಳುವುದಾದರೂ ಯಾರಿಗೆ? ಅದನ್ನು ಕೇಳಬೇಕಾಗಿದ್ದವರೇ ಇಲ್ಲ.