ಕೆಂಪು ಬಟ್ಟೆ ಕಟ್ಟಿದ ಕೇಬಲ್

ಇಂಥದ್ದನ್ನು ಯಾರಾದರೂ ಹೇಳಿದರೆ "ಮೊದಲು ವೈರಿಂಗ್ ನೋಡ್ಕೊಳ್ಳಿ" ಎಂದು ಬಾಯಿ ಮುಚ್ಚಿಸುತ್ತಿದ್ದವನು ನಾನು. ಕೆಜಿಎಫ್‌ನಲ್ಲಿ ಮುಚ್ಚಿದ ಗಣಿಗಳ ಕಥೆಗೆ ಬರವಿಲ್ಲ. ಸತ್ತವರು ಇನ್ನೂ ಶಿಫ್ಟಿಗೆ ಬರುತ್ತಾರೆ ಎಂದು ಕಣ್ಣರಳಿಸಿ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ. ಆದರೂ ಕೆಲವು ವರ್ಷಗಳ ಹಿಂದೆ ನಾನೇ ಕಣ್ಣಾರೆ ಕಂಡದ್ದನ್ನು ಇಲ್ಲ ಎನ್ನಲಾರೆ.

ಡಯಾಲಿಸಿಸ್‌ಗೆ ಬೇಕಾದ ನೀರು ಶುದ್ಧ ಮಾಡುವ ಯಂತ್ರಗಳ ರಿಪೇರಿ ನನ್ನ ಕೆಲಸ. ರಾಬರ್ಟ್‌ಸನ್‌ಪೇಟೆಯ ಒಂದು ಸಣ್ಣ ಕೇಂದ್ರದಲ್ಲಿ ಅಂಥ ಯಂತ್ರ ನಿಂತು ಎರಡು ದಿನವಾಗಿತ್ತು. ಅದನ್ನು ನಡೆಸುವ ಒಳಗಿನ ಪ್ರೋಗ್ರಾಮು, ಅಂದರೆ ಫರ್ಮ್‌ವೇರ್, ಕೆಟ್ಟಿತ್ತು. ಹೊಸದನ್ನು ಲ್ಯಾಪ್‌ಟಾಪಿನಿಂದ ಕೇಬಲ್ ಮೂಲಕ ಹಾಕಬೇಕಿತ್ತು. ಬಂಗಾರಪೇಟೆ ಕಡೆಯ ಹಳ್ಳಿಯ ಮುನಿಯಮ್ಮ ಎಂಬ ರೋಗಿ ಬೆಳಗಿನಿಂದ ಯಂತ್ರದ ಕೋಣೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾಲು ಊದಿತ್ತು, ಎರಡು ಮಾತಾಡಿದರೆ ಏದುಸಿರು. ಕೋಲಾರದಲ್ಲಿ ಹಾಸಿಗೆ ಸಿಕ್ಕಿರಲಿಲ್ಲ. ಇವತ್ತು ಡಯಾಲಿಸಿಸ್ ಆಗದಿದ್ದರೆ ಆಕೆ ಉಳಿಯುವುದು ಕಷ್ಟ ಎಂದು ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

ಈ ಕೆಲಸಕ್ಕೆ ಒಂದು ನಿಯಮವಿದೆ. ಲ್ಯಾಪ್‌ಟಾಪಿನಲ್ಲಿ ನೆಟ್‌ವರ್ಕ್ ಅಡಾಪ್ಟರ್‌ಗಳು, ಅಂದರೆ ಹೊರಗಿನ ಸಂಪರ್ಕದ ದಾರಿಗಳು, ಹಲವು ಇದ್ದರೆ ಬೇಕಾದ್ದೊಂದನ್ನು ಬಿಟ್ಟು ಉಳಿದವನ್ನೆಲ್ಲ ಆಫ್ ಮಾಡಬೇಕು. ಇಲ್ಲದಿದ್ದರೆ ಅಪ್‌ಡೇಟ್ ದಾರಿ ತಪ್ಪಿ ವೈಫೈ ಕಡೆ ಹೋಗುತ್ತದೆ. ಬೆಂಗಳೂರಿನಲ್ಲಿ ಕೂತಿದ್ದ ನಮ್ಮ ಮ್ಯಾನೇಜರಿಗೆ ಇಷ್ಟು ತಲೆಗೆ ಹೋಗಲಿಲ್ಲ. "ವೈಫೈ ಆಫ್ ಮಾಡಬೇಡ್ರೀ, ನಿಮ್ಮ ಸ್ಕ್ರೀನ್ ನನಗೆ ಕಾಣಬೇಕು" ಎಂದು ಫೋನಿನಲ್ಲಿ ಒಂದೇ ಹಠ. ಮೂರು ಸಲ ಹಾಕಿದೆ, ಮೂರು ಸಲವೂ ಶುರುವಿನಲ್ಲೇ ನಿಂತಿತು. "ನಿಮಗೆ ಕೆಲಸ ಬರಲ್ಲ ಅನ್ಸುತ್ತೆ" ಎಂದ. ಬಾಗಿಲಲ್ಲಿ ಆ ಹೆಂಗಸಿನ ಉಸಿರಾಟ ಕೇಳಿಸುತ್ತಿತ್ತು.

ಫೋನ್ ಕಟ್ ಮಾಡಿದೆ. ವೈಫೈ ಆಫ್ ಮಾಡಿ, ಯುಎಸ್‌ಬಿ ಅಡಾಪ್ಟರ್ ಕಿತ್ತು, ಸಿಟ್ಟಿನಲ್ಲಿ ಯಂತ್ರದ ಕೇಬಲನ್ನೂ ಲ್ಯಾಪ್‌ಟಾಪಿನಿಂದ ಕಿತ್ತೆ. ಆ ಕೋಪದಲ್ಲೂ ಕೈ ತನ್ನ ಅಭ್ಯಾಸ ಬಿಡಲಿಲ್ಲ. ಅಪ್ಪ ಕೋರಮಂಡಲ್ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ರಿಪೇರಿ ಮುಗಿಯುವ ತನಕ ಯಾರೂ ಮತ್ತೆ ಹಾಕದಂತೆ, ಕರೆಂಟ್ ತೆಗೆದವನೇ ಕೆಂಪು ಬಟ್ಟೆ ಕಟ್ಟಬೇಕು, ಕಟ್ಟಿದವನೇ ಬಿಚ್ಚಬೇಕು, ಬೇರೆ ಯಾರೂ ಮುಟ್ಟಬಾರದು. ಇದು ಅವರ ಗ್ಯಾಂಗಿನ ಕಟ್ಟುನಿಟ್ಟು. ನಾನೂ ಪೆಟ್ಟಿಗೆಯಲ್ಲಿ ಒಂದು ಚೂರು ಇಟ್ಟುಕೊಂಡಿರುತ್ತೇನೆ. ಕೇಬಲಿನ ತುದಿಗೇ ಅದನ್ನು ಸುತ್ತಿ ಗಂಟು ಹಾಕಿ, ಮುಖ ತೊಳೆಯಲು ಹೊರಗಿನ ನಲ್ಲಿಗೆ ಹೋದೆ.

ಬಂದು ನೋಡಿದರೆ ಅಪ್‌ಡೇಟ್ ಅರ್ಧ ದಾಟಿತ್ತು. ಯಂತ್ರದ ದೀಪ ಮಿನುಗುತ್ತಿತ್ತು. ಕೇಬಲಿನ ತುದಿ ಮೇಜಿನ ಮೇಲೆ ನಾನು ಬಿಟ್ಟಲ್ಲೇ ಬಿದ್ದಿತ್ತು, ಬಟ್ಟೆಯ ಗಂಟು ಹಾಕಿದ ಹಾಗೇ ಇತ್ತು. ಅಡಾಪ್ಟರ್‌ಗಳ ಪಟ್ಟಿ ತೆರೆದೆ. ಒಂದರಲ್ಲೂ ಸಂಪರ್ಕ ಇರಲಿಲ್ಲ.

"ಯಾರಮ್ಮ ಒಳಗೆ ಬಂದಿದ್ದು?" ಎಂದು ಗದರಿಯೇ ಕೇಳಿದೆ.

"ಯಾರೂ ಬರ್ನಿಲ್ಲ ಕಣಪ್ಪ. ನೀನು ಆಚೆ ಓದಾಗಿಂದ ಅದರ ಪಾಡಿಗೆ ಅದು ಓಡ್ತಾ ಐತೆ" ಎಂದರು ಮುನಿಯಮ್ಮ.

ಏನನ್ನೂ ಮುಟ್ಟದೆ ನಿಂತೆ. ನೂರು ಮುಟ್ಟಿತು, ಮೋಟರ್ ಶುರುವಾಯಿತು. ನೀರನ್ನು ನಾನು ಎರಡು ಸಲ ಪರೀಕ್ಷೆ ಮಾಡಿದೆ, ನರ್ಸ್ ಇನ್ನೊಮ್ಮೆ ಮಾಡಿದರು. ಒಂದು ದೋಷವೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮುನಿಯಮ್ಮನನ್ನು ಹಾಸಿಗೆಗೆ ಕರೆದುಕೊಂಡು ಹೋದರು.

ನಡೆದದ್ದನ್ನು ಬರೆದಿದ್ದರೆ ತಪಾಸಣೆಗೆಂದು ಯಂತ್ರ ಮತ್ತೆ ನಿಲ್ಲುತ್ತಿತ್ತು, ಆಕೆ ಮತ್ತೆ ಆ ಕುರ್ಚಿಗೇ ಬರಬೇಕಿತ್ತು. ಹಾಗಾಗಿ "ಕೇಬಲ್ ಜೋಡಿಸಿ ಅಪ್‌ಡೇಟ್ ಮಾಡಲಾಯಿತು" ಎಂದು ರಿಪೋರ್ಟ್ ಬರೆದೆ. ನನ್ನ ಕೆಲಸದಲ್ಲಿ ನಾನು ಬರೆದ ಸುಳ್ಳು ಅದೊಂದೇ. ತಾನು ಹೇಳಿದಂತೆ ಕೇಳಿದ್ದಕ್ಕೆ ಸರಿಹೋಯಿತೆಂದು ಮ್ಯಾನೇಜರ್ ಅದನ್ನು ಎಲ್ಲರಿಗೂ ಕಳಿಸಿದ. ಆ ಉರಿ ಇನ್ನೂ ಆರಿಲ್ಲ.

ಅದೇ ಲ್ಯಾಪ್‌ಟಾಪಿನಲ್ಲಿ, ಅದೇ ಫೈಲ್ ಹಾಕಿ, ಬೇರೆ ಕೇಬಲಿನಿಂದ ಬೇರೆ ಯಂತ್ರಗಳ ಮೇಲೆ ಎಷ್ಟೋ ಸಲ ಮಾಡಿ ನೋಡಿದೆ. ಕೇಬಲ್ ಕಿತ್ತ ಕ್ಷಣ ಅಪ್‌ಡೇಟ್ ನಿಲ್ಲುತ್ತದೆ, ನಿಲ್ಲಲೇಬೇಕು. ಮುನಿಯಮ್ಮ ಈಗಲೂ ವಾರಕ್ಕೆ ಮೂರು ದಿನ ಬರುತ್ತಾರೆ. ನನ್ನನ್ನು ಕಂಡಾಗಲೆಲ್ಲ "ನಿನ್ನ ಕೈಗುಣ ಕಣಪ್ಪ" ಅನ್ನುತ್ತಾರೆ. ನನಗೆ ಅವರ ಮೇಲೂ ಸಿಟ್ಟು ಬರುತ್ತದೆ; ನನ್ನ ಕೈ ಆಗ ನಲ್ಲಿಯ ಕೆಳಗಿತ್ತು. ಆ ಕೇಬಲ್ ನನ್ನ ಪೆಟ್ಟಿಗೆಯಲ್ಲೇ ಇದೆ. ಬಟ್ಟೆ ಕಟ್ಟಿದವನು ನಾನು, ಬಿಚ್ಚಬೇಕಾದವನೂ ನಾನೇ. ಇನ್ನೂ ಬಿಚ್ಚಿಲ್ಲ.