ಸ್ಕ್ವಾಡ್ರನ್ನಿನ ಗುಟ್ಟು, ಕಣದ ಜೋಳ

ಮನೋಳಿಯ ನಿಜಗುಣಪ್ಪನವರು ವಾಯುಪಡೆಯ ಒಂದು ಹೆಲಿಕಾಪ್ಟರ್ ಸ್ಕ್ವಾಡ್ರನ್ನಿನಲ್ಲಿ ಇಪ್ಪತ್ತು ವರ್ಷ ದುಡಿದು ೧೯೯೮ರಲ್ಲಿ ಊರಿಗೆ ಮರಳಿದರು. ಕಮಾಂಡೊಗಳನ್ನು ಹೊತ್ತೊಯ್ದು ಯಾರಿಗೂ ತಿಳಿಯದಂತೆ ಇಳಿಸಿ ಬರುವ ಸ್ಕ್ವಾಡ್ರನ್ ಅದು. ಅದರ ಇತಿಹಾಸ ಬಲ್ಲವರು ನಮ್ಮ ತಾಲ್ಲೂಕಿನಲ್ಲಿ ಇವರೊಬ್ಬರೇ. ದುರ್ದೈವವೆಂದರೆ ಆ ಇತಿಹಾಸವೆಲ್ಲ ಗುಟ್ಟು. ಬಾಯಿ ಬಿಡುವುದಿಲ್ಲವೆಂದು ಆಣೆ ಮಾಡಿ ಬಂದ ಮನುಷ್ಯ, ಆದರೆ ಸುಮ್ಮನಿರಲೂ ಬಾರದು.

ಚಹಾದಂಗಡಿಯಲ್ಲಿ ಶುರುಮಾಡುತ್ತಿದ್ದರು: “ಒಂದಿನಾ ನಾವು ಒಂದ್ ಕಡೆ ಹೋದ್ವಿ. ಅಲ್ಲೊಂದು ಕೆಲಸ ಇತ್ತು. ಮುಗಿಸಿಕೊಂಡು ಬಂದ್ವಿ.”

“ಎಲ್ಲಿಗ್ರೀ?”

“ಹೇಳಂಗಿಲ್ಲ.”

“ಏನ್ ಕೆಲಸರೀ?”

“ಅದನ್ನಂತೂ ಹೇಳಂಗ ಇಲ್ಲ.”

ಇಂಥ ಇತಿಹಾಸ ಕೇಳಲು ಯಾರಿಗೆ ತಾಳ್ಮೆ ಇದ್ದೀತು? “ಸಾಹೇಬ್ರು ಅಲ್ಲಿ ಚಪಾತಿ ಲಟ್ಟಸ್ತಿದ್ರು ಬಿಡ್ರಿ,” ಎಂದು ಅಂಗಡಿಯ ಹಣಮಂತಪ್ಪ ಊರೆಲ್ಲ ಹಬ್ಬಿಸಿದ. ಊರು ನಕ್ಕಿದ್ದನ್ನು ಅವರು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆದರೆ ಹೆಂಡತಿ ಸಿದ್ದಲಿಂಗವ್ವನೂ ಒಂದು ದಿನ ಕೇಳಿಯೇಬಿಟ್ಟಳು.

“ಇಪ್ಪತ್ತು ವರ್ಷ ನನ್ನ ಇಲ್ಲಿ ಬಿಟ್ಟು ಮಾಡಿದ್ದರ ಏನ್ರಿ? ನನಗರ ಹೇಳ್ರಿ.”

“ಹೇಳಂಗಿಲ್ಲ.”

“ಹಂಗಾರ ಚಪಾತಿನ ಖರೆ,” ಎಂದು ಒಳಗೆ ಹೋದಳು.

ಆ ಮಾತು ಅವರಿಗೆ ನಾಟಿತು. ಅವಳೊಬ್ಬಳು ನಂಬಿದರೆ ಸಾಕು ಎಂಬ ಆಸೆ ಅಂದಿನಿಂದ ಹತ್ತಿಕೊಂಡಿತು.

೨೦೦೩ರ ಸುಗ್ಗಿ. ವರ್ಷದ ಜೋಳವೆಲ್ಲ ಕಣದಲ್ಲಿ ರಾಶಿ ಬಿದ್ದಿತ್ತು. ತೂರಲು ಗಾಳಿಯೇ ಇಲ್ಲ. ಗಂಡ ಹೆಂಡತಿ ಮೊರ ಹಿಡಿದು ಆಕಾಶ ನೋಡುತ್ತಿದ್ದರು, ನಾನು ಪಕ್ಕದ ನನ್ನ ಹೊಲದಲ್ಲಿದ್ದೆ. ಅಷ್ಟರಲ್ಲಿ ತೊರಗಲ್ ಕಡೆಯಿಂದ ದಡದಡ ಸದ್ದು. ಅಲ್ಲಿ ಗುಡ್ಡದ ಮೇಲೆ ಕಮಾಂಡೊಗಳ ತಾಲೀಮು ನಡೆದಿತ್ತು. ಅಲ್ಲಿಂದ ಹೊರಟ ಹೆಲಿಕಾಪ್ಟರೊಂದು, ಏನು ಕೆಟ್ಟಿತ್ತೋ, ಇಳಿಯಲು ಜಾಗ ಹುಡುಕುತ್ತ ನಮ್ಮ ನೆತ್ತಿಯ ಮೇಲೆಯೇ ಸುತ್ತತೊಡಗಿತು.

ನಿಜಗುಣಪ್ಪನವರು ಹೆಂಡತಿಯ ಕೈಯ ಮೊರವನ್ನೂ ಕಸಿದುಕೊಂಡು ಕಣದ ಪಕ್ಕದ ಬಯಲಿಗೆ ಓಡಿದರು. ನೆಲದ ಮೇಲೆ ನಿಂತು, ಇಳಿಯುವ ಹೆಲಿಕಾಪ್ಟರಿಗೆ ಎರಡೂ ಕೈಯಿಂದ ಸನ್ನೆ ಮಾಡುವುದೇ ಅವರ ಇಪ್ಪತ್ತು ವರ್ಷದ ಕೆಲಸವೆಂದು ನಮಗೆ ಗೊತ್ತಾದದ್ದು ಆಗಲೇ. ಕೈ ಬೀಸಿ ಅದನ್ನು ದೂರದ ಬೀಳು ಹೊಲಕ್ಕೆ ಕಳಿಸಬಹುದಿತ್ತು. ಕಳಿಸಿದ್ದರೆ ಜೋಳ ಉಳಿಯುತ್ತಿತ್ತು, ಚಪಾತಿಯ ಮಾತೂ ಉಳಿಯುತ್ತಿತ್ತು. ರಾಶಿಯನ್ನೊಮ್ಮೆ ನೋಡಿದರು, ಹೆಂಡತಿಯನ್ನೊಮ್ಮೆ ನೋಡಿದರು. ಎರಡೂ ಮೊರ ಎತ್ತಿ ‘ಬಾ’ ಎಂದರು.

ಬಂತು. ಎಡಕ್ಕೆಂದರೆ ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ, ಕಲಿತ ಎತ್ತಿನಂತೆ ಬಂತು. ಮೊದಲು ಹೊಟ್ಟು ಹಾರಿತು, ಆಮೇಲೆ ಕಾಳು, ಆಮೇಲೆ ನನ್ನ ರುಮಾಲು. ಅವರು ಮಾತ್ರ ಮೊರ ಇಳಿಸಿ ನೆಟ್ಟಗೆ ನಿಂತಿದ್ದರು. ನಕ್ಕು ನಕ್ಕು ನನಗೆ ಹೊಟ್ಟೆ ಹುಣ್ಣಾಯಿತು. ಆ ವರ್ಷ ನನ್ನ ಹೊಲದಲ್ಲಿ ಬಿತ್ತದೆಯೇ ಜೋಳ ಹುಟ್ಟಿತು.

ತಲೆತುಂಬ ಹೊಟ್ಟು ಹೊತ್ತ ಸಿದ್ದಲಿಂಗವ್ವ ಮೆಲ್ಲಗೆ ಕೇಳಿದಳು: “ಇಷ್ಟು ದೊಡ್ಡದು ನಿಮ್ಮ ಮಾತು ಕೇಳತೈತೇನ್ರಿ?”

“ಇಪ್ಪತ್ತು ವರ್ಷ ಕೇಳೇತಿ.”

ಅವಳು ಕಣ್ಣೊರೆಸಿಕೊಂಡಳು. ಹೊಟ್ಟು ಬಿದ್ದಿತ್ತೆಂದು ಇಂದಿಗೂ ವಾದಿಸುತ್ತಾಳೆ. ಆಮೇಲೆ ಇಬ್ಬರೂ ಕುಳಿತು, ಉಳಿದ ಕಾಳನ್ನು ಮಣ್ಣಿನಿಂದ ಆರಿಸತೊಡಗಿದರು.

ಮರುದಿನ ಹಣಮಂತಪ್ಪ ಅವಳನ್ನು ದಾರಿಯಲ್ಲಿ ತಡೆದ. “ಯಕ್ಕಾ, ನಿನ್ನೆ ಕಣದಾಗ ಏನಾತು? ಜೋಳ ಎಲ್ಲಿ ಹೋತು?”

ಸಿದ್ದಲಿಂಗವ್ವ ಸೆರಗು ಸರಿಮಾಡಿಕೊಂಡಳು.

“ಹೇಳಂಗಿಲ್ಲ.”